ಕುಡಿತ ಬಿಟ್ಟು ಬಂದವರು ಈ ರಾತ್ರಿ ಮಲಗುವುದೆಲ್ಲಿ?

ವ್ಯಸನಕ್ಕೆ ಚಿಕಿತ್ಸೆ ಪಡೆದವರ ಮನೆಯವರು, ಸಮಾಜಕಾರ್ಯದ ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು, ಅಂದು ಹೇಳಲು ಬಿಟ್ಟುಹೋದ ಕೆಲವನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ನಮ್ಮ ವಾರ್ಡಿನಿಂದ ಒಬ್ಬರನ್ನು ಡಿಸ್ಚಾರ್ಜ್ ಮಾಡುವ ದಿನ ಒಂದು ಹಾಳೆ ತುಂಬುತ್ತೇವೆ. ಮಾತ್ರೆಗಳ ಹೆಸರು, ದಿನಕ್ಕೆ ಎಷ್ಟು ಹೊತ್ತು ನುಂಗಬೇಕು ಎಂಬುದು, ಲಿವರ್ ಪರೀಕ್ಷೆಯ ಫಲಿತಾಂಶ, ಮತ್ತೆ ಬರಬೇಕಾದ ದಿನಾಂಕ, ಎಲ್ಲವೂ ಅದರಲ್ಲಿ ಇರುತ್ತವೆ. ಮೇಲ್ಭಾಗದಲ್ಲಿ ವಿಳಾಸಕ್ಕೆಂದು ಒಂದು ಸಾಲು ಬಿಟ್ಟಿರುತ್ತಾರೆ. ರೇಷನ್ ಕಾರ್ಡಿನಲ್ಲೋ ಆಧಾರಿನಲ್ಲೋ ಇರುವುದನ್ನು ನೋಡಿ ಅಲ್ಲಿ ಬರೆಯುತ್ತೇವೆ. ಆ ವಿಳಾಸದ ಮನೆಯಲ್ಲಿ ಇವರು ಈ ರಾತ್ರಿ ನೆಮ್ಮದಿಯಾಗಿ ಮಲಗಬಲ್ಲರೇ, ಅಲ್ಲಿ ಇನ್ನೂ ಯಾರು ಯಾರು ಇದ್ದಾರೆ, ಬಾಗಿಲು ತೆಗೆಯುವವರು ಯಾರು ಎಂದು ಕೇಳುವ ಸಾಲು ಹಾಳೆಯಲ್ಲಿ ಇಲ್ಲ. ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಸೇರಿದ ಮೊದಲ ಕೆಲವು ವರ್ಷ ನಾನೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಹಾಗೆ ಕೇಳದೆ ಕಳಿಸಿದವರಲ್ಲಿ ಒಬ್ಬರನ್ನು ಮರೆಯಲು ನನಗೆ ಇಂದಿಗೂ ಆಗಿಲ್ಲ.

ಅವರು ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದಿದ್ದ ಗಾರೆ ಕೆಲಸದವರು. ವಾರ್ಡಿನಲ್ಲಿ 26 ದಿನ ಇದ್ದು, ಕೈನಡುಕ ಪೂರ್ತಿ ನಿಂತು, ಊಟ ಸೇರಿ, ಮುಖಕ್ಕೆ ಕಳೆ ಬಂದ ಮೇಲೆ ಹೊರಟರು. ಹೋದದ್ದು ತಗಡಿನ ಶೆಡ್ಡಿಗೆ. ಅಲ್ಲಿ ಅವರ ಜೊತೆ ಅದೇ ಕಂತ್ರಾಟುದಾರರ ಕೈಕೆಳಗೆ ದುಡಿಯುವ ಇನ್ನೂ ಮೂವರಿದ್ದರು. ಆ ಮೂವರೂ ಕೆಟ್ಟವರಲ್ಲ. ಆಸ್ಪತ್ರೆಯಿಂದ ಬಂದ ಗೆಳೆಯನಿಗೆಂದು ಕೋಳಿ ತಂದು ಸಾರು ಮಾಡಿದ್ದರು. ಅವನ ಎದುರಿಗೆ ಕುಡಿಯಬಾರದು ಎಂದುಕೊಂಡು ಹೊರಗೆ ಮರಳಿನ ರಾಶಿಯ ಮೇಲೆ ಕುಳಿತು ಕುಡಿದು ಬರುತ್ತಿದ್ದರು. ಆದರೆ ಹತ್ತಡಿ ಅಗಲದ ಶೆಡ್ಡಿನಲ್ಲಿ ನಾಲ್ವರು ಒತ್ತಿಕೊಂಡು ಮಲಗಿದಾಗ ಉಸಿರಿನ ವಾಸನೆಗೆ ಒಳಗು ಹೊರಗು ಎಂಬ ಭೇದವಿರುವುದಿಲ್ಲ. ಒಂಬತ್ತನೇ ದಿನ ಅವರು ಮತ್ತೆ ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತಿದ್ದರು. "ಮೇಡಂ, ಮೂರು ರಾತ್ರಿ ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡೆ ರೀ, ನಾಕನೇ ರಾತ್ರಿ ಆಗಲಿಲ್ರಿ" ಎಂದರು. ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ, ಅವರ ಮನಸ್ಸೂ ಗಟ್ಟಿಯಾಗಿಯೇ ಇತ್ತು. ನಾವು ಅವರನ್ನು ಕಳಿಸಿದ ಜಾಗ ತಪ್ಪಾಗಿತ್ತು.

ಮದ್ಯ ನಿಲ್ಲಿಸಿದಾಗ ದೇಹಕ್ಕೆ ಆಗುವುದು ಏನೆಂದು ವೈದ್ಯರಿಗೆ ಚೆನ್ನಾಗಿ ಗೊತ್ತು. ಕೊನೆಯ ಗುಟುಕಿನ ನಂತರ ಸುಮಾರು 6 ರಿಂದ 48 ಗಂಟೆಗಳ ನಡುವೆ ಫಿಟ್ಸ್ ಬರುವ ಅಪಾಯವಿರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗಿ, ಇಲ್ಲದವರು ಕಾಣುತ್ತಾರೆ, ಹೊತ್ತು ಗೊತ್ತು ತಿಳಿಯುವುದಿಲ್ಲ. ಇದು ಪ್ರಾಣಕ್ಕೇ ಅಪಾಯ ತರಬಹುದಾದ್ದರಿಂದ ಬಹಳ ಕುಡಿಯುತ್ತಿದ್ದವರನ್ನು ವೈದ್ಯರ ಕಣ್ಣಿಲ್ಲದೆ ಮನೆಯ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೊರಡಬಾರದು. ಆದರೆ ಈ ಘಟ್ಟ ಒಂದು ವಾರ ಹತ್ತು ದಿನಗಳಲ್ಲಿ ಮುಗಿಯುತ್ತದೆ. ಮುಗಿಯದೆ ಉಳಿಯುವುದು ನಿದ್ದೆ ಬಾರದಿರುವುದು, ಸಂಜೆಯಾಗುತ್ತಲೇ ಶುರುವಾಗುವ ಚಡಪಡಿಕೆ, ಸಣ್ಣ ಮಾತಿಗೂ ಏರುವ ಸಿಟ್ಟು ಮತ್ತು ಮತ್ತೆ ಮತ್ತೆ ಎದ್ದು ಬರುವ ಆಸೆ. 1971 ರಲ್ಲಿ ಪ್ರಕಟವಾದ, ಇಂದಿಗೂ ನಮ್ಮ ತರಗತಿಗಳಲ್ಲಿ ತೋರಿಸುವ ಒಂದು ಅಧ್ಯಯನವು ಮದ್ಯ, ಹೆರಾಯಿನ್ ಮತ್ತು ತಂಬಾಕು ಬಿಟ್ಟವರನ್ನು ಒಟ್ಟಿಗೆ ನೋಡಿ, ಮರಳಿ ಜಾರಿದವರಲ್ಲಿ ಬಹುಪಾಲು ಜನ ಮೊದಲ ಮೂರು ತಿಂಗಳೊಳಗೇ ಜಾರಿದ್ದರೆಂದು ತೋರಿಸಿತು. ಆ ಮೂರು ತಿಂಗಳು ಮನುಷ್ಯ ಆಸ್ಪತ್ರೆಯಲ್ಲಿ ಇರುವುದಿಲ್ಲ. ಯಾವುದೋ ಒಂದು ಸೂರಿನ ಕೆಳಗೆ ಇರುತ್ತಾನೆ. ಆದ್ದರಿಂದ ಆ ಸೂರನ್ನು ಔಷಧಿಯಷ್ಟೇ ಎಚ್ಚರದಿಂದ ಆರಿಸಬೇಕು ಎಂಬುದು ನನ್ನ ಮಾತಿನ ತಿರುಳು.

ಎಷ್ಟು ಜನರ ಪ್ರಶ್ನೆ ಇದು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019 ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನ ಮದ್ಯಕ್ಕೆ ಪೂರ್ತಿ ಅವಲಂಬಿತರು. ಈ ಅವಲಂಬಿತರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180 ಕ್ಕೆ ಒಬ್ಬರು. ಅಷ್ಟು ಕಷ್ಟಪಟ್ಟು ವಾರ್ಡಿನವರೆಗೆ ಬಂದ ಆ ಒಬ್ಬರನ್ನು, ಹೋಗಲು ಸರಿಯಾದ ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಜಾಗ ಯಾವುದೇ ಇರಲಿ, ನಾನು ಈಗ ಮೂರು ವಿಷಯ ಕೇಳುತ್ತೇನೆ. ದುಡಿದ ದುಡ್ಡು ಯಾರ ಕೈಯಲ್ಲಿ ಇರುತ್ತದೆ, ಸಂಜೆ ಆರರಿಂದ ಹತ್ತರವರೆಗೆ ಜೊತೆಗೆ ಯಾರಿರುತ್ತಾರೆ, ಇವೆರಡು ಮೊದಲಿನವು. ಮೂರನೆಯದೇ ಮುಖ್ಯ: ಇವರು ಮತ್ತೆ ಕುಡಿದು ಬಾಗಿಲಿಗೆ ಬಂದ ರಾತ್ರಿ ನೀವು ಏನು ಮಾಡುತ್ತೀರಿ? ಬಹಳ ಜನಕ್ಕೆ ಇದು ಅಪಶಕುನದ ಮಾತಾಗಿ ಕೇಳಿಸುತ್ತದೆ. "ಬಿಡ್ತು ಅನ್ನಿ ಮೇಡಂ" ಎಂದು ತಾಯಂದಿರು ನನ್ನ ಬಾಯಿ ಮುಚ್ಚಿಸಿದ್ದಾರೆ. ಆದರೆ ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಆ ರಾತ್ರಿಗೆ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಂಡ ಮನೆಯಲ್ಲಿ ಒಂದು ರಾತ್ರಿಯ ಜಾರುವಿಕೆ ಒಂದೇ ರಾತ್ರಿಗೆ ನಿಲ್ಲುವ ಸಾಧ್ಯತೆ ಹೆಚ್ಚು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟೇ ಅಲ್ಲ, ಒಂದು ಜಾಗದ ನಿಜವಾದ ಗುಣವನ್ನು ತಿಳಿಯಲು ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೊಂದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಹೋಗುವುದು ತಮ್ಮ ಮನೆಗೇ. ಹೆಂಡತಿ ಮಕ್ಕಳು, ಇಲ್ಲವೇ ತಂದೆ ತಾಯಿ, ಅಣ್ಣ ತಮ್ಮಂದಿರು ಇರುವ ಮನೆ. ಬಹಳಷ್ಟು ಜನರಿಗೆ ಅದು ಒಳ್ಳೆಯ ಜಾಗವೇ ಹೌದು, ಆದರೆ ಮನೆಯನ್ನು ಅದಕ್ಕೆ ಸಿದ್ಧ ಮಾಡಬೇಕು. ಗಂಡ ಬರುವ ಹಿಂದಿನ ದಿನ ಹೆಂಡತಿಯ ಜೊತೆ ಕುಳಿತು ಮನೆಯ ಒಂದೊಂದು ಮೂಲೆಯನ್ನೂ ನೆನಪು ಮಾಡಿಸುವುದು ನನ್ನ ರೂಢಿ. ಮಂಡ್ಯದ ಕಡೆಯ ಒಬ್ಬ ರೈತರ ಹೆಂಡತಿ, "ನಮ್ಮ ಯಜಮಾನ್ರು ಮನೇಲಿ ಏನೂ ಇಟ್ಟಿಲ್ಲ ಕಣ್ ಮೇಡಂ, ನಾನೇ ಎಲ್ಲಾ ನೋಡಿವ್ನಿ" ಎಂದು ಖಂಡಿತವಾಗಿ ಹೇಳಿ ಹೋದವರು ಮರುದಿನ ಫೋನ್ ಮಾಡಿದರು. ಬಚ್ಚಲ ಒಲೆಯ ಪಕ್ಕದ ಸೌದೆ ರಾಶಿಯ ಹಿಂದೆ ಎರಡು, ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿದ ಗೋಣಿಚೀಲದಲ್ಲಿ ಒಂದು, ಸಜ್ಜದ ಮೇಲೆ ಹಬ್ಬದ ಪಾತ್ರೆಗಳ ಒಳಗೆ ಇನ್ನೊಂದು ನೈಂಟಿ ಪ್ಯಾಕೆಟ್ಟು ಸಿಕ್ಕಿದ್ದವು. ಇಟ್ಟವರಿಗೇ ಮರೆತುಹೋಗಿದ್ದವು ಅವು. ಮರೆತುಹೋದ ಆ ಪ್ಯಾಕೆಟ್ಟು ನಿದ್ದೆ ಬಾರದ ಒಂದು ನಡುರಾತ್ರಿ ಇದ್ದಕ್ಕಿದ್ದಂತೆ ನೆನಪಾಗುತ್ತದೆ, ಅಷ್ಟೇ ಸಾಕು.

ಡೈಸಲ್ಫಿರಾಂ ಎಂಬ ಮಾತ್ರೆಯನ್ನು ವೈದ್ಯರು ಕೆಲವರಿಗೆ ಬರೆದುಕೊಡುತ್ತಾರೆ. ಅದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಆದ್ದರಿಂದಲೇ ಅದನ್ನು ನುಂಗುವವರಿಗೆ ತಿಳಿಸಿ, ಅವರ ಒಪ್ಪಿಗೆಯ ಮೇಲೆಯೇ ಕೊಡಬೇಕು. ಸಾರಿನಲ್ಲಿ, ಕಾಫಿಯಲ್ಲಿ ಗುಟ್ಟಾಗಿ ಬೆರೆಸಿದರೆ ಜೀವಕ್ಕೇ ಕುತ್ತು. ಈ ಮಾತ್ರೆಯ ಗುಣವೆಂದರೆ ಇದು ಕೆಲಸ ಮಾಡುವುದು ಮನೆಯಲ್ಲಿ ಒಬ್ಬರು ದಿನಾ ಬೆಳಿಗ್ಗೆ ಎದುರು ನಿಂತು ಕೊಟ್ಟಾಗ. ಅಂದರೆ ಇದು ಔಷಧಿಯೂ ಹೌದು, ಮನೆಯ ವ್ಯವಸ್ಥೆಯೂ ಹೌದು. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಇದೇ ಮಾತ್ರೆ ಹೆಚ್ಚು ನೆರವಾಗುವುದಿಲ್ಲ.

ಇನ್ನು ಮನೆಗೆ ಹೋಗಬಾರದ ಸಂದರ್ಭಗಳು. ಹೊಡೆತ ಬಡಿತ ಇದ್ದ ಮನೆಗೆ, ಹೆಂಡತಿ ಬೇಡವೆಂದರೆ, ಗಂಡನನ್ನು ಕಳಿಸಬಾರದು. ಈ ಮಾತನ್ನು ನಾನು ಬಹಳ ವಿವೇಚಿಸಿ ಹೇಳುತ್ತಿದ್ದೇನೆ. 2005 ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17 ನೇ ಕಲಮು, ಮನೆ ಯಾರ ಹೆಸರಿನಲ್ಲೇ ಇರಲಿ, ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. 19 ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಗಂಡನನ್ನೇ ಮನೆ ಬಿಟ್ಟು ಹೋಗುವಂತೆ ಆದೇಶಿಸಬಹುದು. ಇನ್ನೊಂದು ಕಡೆ, 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅದರ 19 ನೇ ಕಲಮು, ಮನೆಯವರು ಕೈಬಿಟ್ಟವರಿಗೆ ಕುಟುಂಬದ ಮನೆಯಲ್ಲಿ ಇರುವ ಹಕ್ಕನ್ನು ಉಳಿಸಿಕೊಳ್ಳಲು ಕಾನೂನು ನೆರವೂ ಸೇರಿದಂತೆ ಬೇಕಾದ ಸಹಾಯವನ್ನು ಸರ್ಕಾರ ಒದಗಿಸಬೇಕು ಎನ್ನುತ್ತದೆ. ಎರಡೂ ಕಾಯ್ದೆಗಳು ಒಂದೇ ಹೊಸ್ತಿಲಿನ ಮೇಲೆ ಎದುರಾಗುವುದನ್ನು ನಾನು ನೋಡಿದ್ದೇನೆ. ಅಂಥಲ್ಲಿ ಹೆಂಗಸಿನ ಮತ್ತು ಮಕ್ಕಳ ಸುರಕ್ಷೆ ಮೊದಲು, ಗುಣವಾಗುತ್ತಿರುವವರ ಹಕ್ಕು ಅದರ ನಂತರ ಎಂಬುದು ನನ್ನ ನಿಲುವು. ಆದರೆ "ಮನೆಗೆ ಬರಬೇಡಿ" ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ ನಮ್ಮ ಕೆಲಸ ಮುಗಿಯಲಿಲ್ಲ. ಎಲ್ಲಿಗೆ ಹೋಗಬೇಕು ಎಂಬುದನ್ನೂ ಅಂದೇ ಹೇಳಬೇಕು: ಅಕ್ಕನ ಮನೆಯ ಮಹಡಿ ಕೋಣೆ, ಊರಿನಲ್ಲಿರುವ ಚಿಕ್ಕಪ್ಪನ ತೋಟದ ಮನೆ, ಏನೂ ಇಲ್ಲವಾದರೆ ಮುಂದೆ ಹೇಳುವ ಜಾಗಗಳಲ್ಲಿ ಒಂದು.

ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಇಲ್ಲಿ ನೆನೆಯಲೇಬೇಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಸ್ಥಳೀಯ ಸಮಿತಿಗಳು ನಡೆಸುವ ಈ ಶಿಬಿರಗಳು ಕಲ್ಯಾಣ ಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ಎಂಟು ದಿನ ನಡೆಯುತ್ತವೆ. ಎಂಟು ದಿನ ಎಂಬುದು ವಸತಿಯ ದೃಷ್ಟಿಯಿಂದ ಬಹಳ ಕಡಿಮೆ ಕಾಲ, ಅದನ್ನು ಒಪ್ಪಿಕೊಳ್ಳೋಣ. ಆದರೆ ಈ ಶಿಬಿರಗಳ ನಿಜವಾದ ಶಕ್ತಿ ಆ ಎಂಟು ದಿನದಲ್ಲಿಲ್ಲ, ಆಮೇಲೆ ಅದೇ ಊರಿನಲ್ಲಿ ಕುಡಿತ ಬಿಟ್ಟವರು ಕೂಡುವ ನವಜೀವನ ಸಮಿತಿಯಲ್ಲಿದೆ ಎಂದು ನಾನು ತಿಳಿದಿದ್ದೇನೆ. ಶಿಬಿರದಲ್ಲಿ ಪಕ್ಕದ ಚಾಪೆಯಲ್ಲಿ ಮಲಗಿದ್ದವರು ಈಗ ಪಕ್ಕದ ಬೀದಿಯಲ್ಲೇ ಇರುತ್ತಾರೆ. ಸಂಜೆ ಚಡಪಡಿಕೆ ಶುರುವಾದಾಗ ಅವರ ಮನೆಯ ಜಗಲಿಗೆ ಹೋಗಿ ಕುಳಿತುಕೊಳ್ಳಬಹುದು. ಮನೆ ಬದಲಾಗದೆ ನೆರೆಹೊರೆ ಬದಲಾಗುವುದೂ ಒಂದು ಬಗೆಯ ವಸತಿಯೇ. ಕುಡಿತ ಬಿಟ್ಟವರೇ ಕೂಡಿ ತಮ್ಮ ಅನುಭವ ಹಂಚಿಕೊಳ್ಳುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಪಟ್ಟಣಗಳಲ್ಲಿ ಇದೇ ಕೆಲಸವನ್ನು ಮಾಡುತ್ತವೆ. ಅದಕ್ಕಾಗಿ, ಬಾಡಿಗೆ ಮನೆ ಹುಡುಕುವವರಿಗೆ ಸಭೆ ನಡೆಯುವ ಜಾಗಕ್ಕೆ ಒಂದೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ನೋಡಿ ಎಂದು ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಹಿಂದೆ ಫಿಟ್ಸ್ ಬಂದಿದ್ದವರು, ಲಿವರ್ ಕೆಟ್ಟವರು ಶಿಬಿರಕ್ಕೆ ಸೇರುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು.

ಮನೆಯವರಿಗೆ ತಾಳಲಾಗದ ಹಂತ ಬಂದಾಗ ಬಹಳ ಜನ ಖಾಸಗಿ ಪುನರ್ವಸತಿ ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ಗಾಡಿ ಬರುತ್ತದೆ, ನಾಲ್ಕು ಜನ ಇಳಿಯುತ್ತಾರೆ, ಮಲಗಿದ್ದವರನ್ನು ಎತ್ತಿಕೊಂಡು ಹೋಗುತ್ತಾರೆ, ಮೂರೋ ಆರೋ ತಿಂಗಳಿಗೆ ಮುಂಗಡ ಹಣ ಕಟ್ಟಿಸಿಕೊಳ್ಳುತ್ತಾರೆ. ಒಳ್ಳೆಯ ಕೇಂದ್ರಗಳು ಇವೆ, ಅಲ್ಲಿ ಬದುಕು ಕಟ್ಟಿಕೊಂಡು ಬಂದವರನ್ನು ನಾನು ಬಲ್ಲೆ. ಆದರೆ ತಲೆ ಬೋಳಿಸಿ, ಕಾಲಿಗೆ ಸರಪಳಿ ಹಾಕಿ, ಪಾತ್ರೆ ತೊಳೆಸುವುದನ್ನೇ ಚಿಕಿತ್ಸೆ ಎನ್ನುತ್ತಿದ್ದ ಜಾಗದಿಂದ ತಪ್ಪಿಸಿಕೊಂಡು ಬಂದವರ ಕಣಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿದವಳೂ ನಾನೇ. ಆ ಮೂರೂ ಕಾನೂನಿಗೆ ವಿರುದ್ಧ. 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95 ನೇ ಕಲಮು ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. 20 ನೇ ಕಲಮು ಬಲವಂತವಾಗಿ ತಲೆ ಬೋಳಿಸುವುದರಿಂದ, ಬಲವಂತದ ದುಡಿಮೆಯಿಂದ ರಕ್ಷಣೆ ಕೊಡುತ್ತದೆ, ತಮ್ಮದೇ ಬಟ್ಟೆ ತೊಡುವ ಹಕ್ಕನ್ನೂ ಹೇಳುತ್ತದೆ. ಒಪ್ಪಿಗೆಯಿಲ್ಲದೆ ಸೇರಿಸಬೇಕಾದರೆ 89 ನೇ ಕಲಮಿನ ಪ್ರಕಾರ ಇಬ್ಬರು ತಜ್ಞರು, ಅವರಲ್ಲಿ ಒಬ್ಬರು ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಅದೂ ಮೊದಲ ಬಾರಿಗೆ 30 ದಿನಕ್ಕೆ ಮಾತ್ರ. ಹಣ ಕಟ್ಟುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು ಕೇಳಿ ನೋಡಿ. ವಾರಕ್ಕೊಮ್ಮೆ ಒಳಗೆ ಬಂದು ಮಾತಾಡಬಹುದೇ ಎಂದು ಕೇಳಿ. "ಮೂರು ತಿಂಗಳು ನೀವು ಇತ್ತ ಬರಲೇಬಾರದು" ಎನ್ನುವ ಜಾಗದಲ್ಲಿ ನಿಮ್ಮವರನ್ನು ಬಿಡಬೇಡಿ. ಹಣದ ಅನುಕೂಲ ಇಲ್ಲದವರು ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ಪುನರ್ವಸತಿ ಕೇಂದ್ರಗಳ ವಿವರವನ್ನು 14446 ಸಹಾಯವಾಣಿಯಲ್ಲಿ ಕೇಳಬಹುದು.

ಆಸ್ಪತ್ರೆಗೂ ಮನೆಗೂ ನಡುವೆ ಒಂದು ಮೆಟ್ಟಿಲು ಬೇಕು ಎಂಬುದು ಹಾಫ್‌ವೇ ಹೋಮ್ ಎಂಬ ಕಲ್ಪನೆಯ ಮೂಲ. ಅಲ್ಲಿ ಹಗಲು ಕೆಲಸಕ್ಕೆ ಹೋಗಿ ರಾತ್ರಿ ಬಂದು ಉಳಿಯುತ್ತಾರೆ; ಅಡುಗೆ, ಕಸ, ಸಂತೆ ಸಾಮಾನು ಎಲ್ಲವನ್ನೂ ಹಂಚಿಕೊಂಡು ಮಾಡುತ್ತಾರೆ; ಒಬ್ಬ ಕಾರ್ಯಕರ್ತರು ಜೊತೆಗಿರುತ್ತಾರೆ. 2017 ರ ಕಾಯ್ದೆಯ 18 ಮತ್ತು 19 ನೇ ಕಲಮುಗಳು ಇಂಥ ಮನೆಗಳನ್ನು ಸರ್ಕಾರ ತಾನೇ ನಡೆಸಬೇಕು ಅಥವಾ ನಡೆಸುವವರಿಗೆ ನೆರವಾಗಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ. ಬೆಂಗಳೂರಿನಲ್ಲಿ ಮಾನಸಿಕ ಕಾಯಿಲೆ ಇರುವವರಿಗಾಗಿ ಇಂಥ ಮನೆಗಳನ್ನು ನಡೆಸಿದ ಹಳೆಯ ಪರಂಪರೆಯೇ ಇದೆ. ಆದರೆ ಕುಡಿತದಿಂದ ಹೊರಬಂದವರಿಗೆ ಎಂದರೆ, ಅದೂ ಬಡವರಿಗೆ ಎಂದರೆ, ಹುಡುಕಿ ಹುಡುಕಿ ಸೋಲಬೇಕಾಗುತ್ತದೆ. ಜಿಲ್ಲೆಗೆ ಒಂದಾದರೂ ಇರಲಿ ಎಂದು ಕೇಳುವುದು ದುರಾಸೆಯಲ್ಲ. ಕಾಯ್ದೆ ಕೊಟ್ಟ ಮಾತನ್ನು ನೆನಪಿಸುವುದಷ್ಟೇ.

ಹಣವೂ ಸಿಬ್ಬಂದಿಯೂ ಇಲ್ಲದೆ ಇಂಥ ಮನೆ ನಡೆಸಬಹುದೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಕುಡಿತ ಬಿಟ್ಟವರೇ ಒಂದು ಉತ್ತರ ಕಂಡುಕೊಂಡರು. 1975 ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಸ್ಥಳೀಯ ಆಡಳಿತ ತಾನು ನಡೆಸುತ್ತಿದ್ದ ಹಾಫ್‌ವೇ ಹೋಮ್ ಒಂದನ್ನು ಮುಚ್ಚಲು ಹೊರಟಿತು. ಅಲ್ಲಿದ್ದವರಲ್ಲಿ ಪಾಲ್ ಮಲಾಯ್ ಎಂಬ ವಕೀಲರೂ ಇದ್ದರು. ಅವರೆಲ್ಲ ಸೇರಿ ಅದೇ ಮನೆಯನ್ನು ಬಾಡಿಗೆಗೆ ಹಿಡಿದರು. ಅದೇ ಮೊದಲ ಆಕ್ಸ್‌ಫರ್ಡ್ ಹೌಸ್. ನಿಯಮಗಳು ಮೂರೇ: ಮನೆಯನ್ನು ಅಲ್ಲಿರುವವರೇ ಮತ ಹಾಕಿ ನಡೆಸಬೇಕು, ಖರ್ಚನ್ನು ತಾವೇ ಸಮನಾಗಿ ಹಂಚಿಕೊಂಡು ಭರಿಸಬೇಕು, ಮತ್ತೆ ಕುಡಿದವರು ಮನೆ ಬಿಡಬೇಕು. ಸಂಬಳದ ವಾರ್ಡನ್ ಇಲ್ಲ. ಹೊಸಬರನ್ನು ಸೇರಿಸಿಕೊಳ್ಳಲು ಶೇ. 80 ರಷ್ಟು ಜನ ಒಪ್ಪಬೇಕು. ಇಷ್ಟೇ ದಿನ ಇರಬೇಕೆಂಬ ಗಡುವಿಲ್ಲ. ಈಗ ಅಂಥ 3,000 ಕ್ಕೂ ಹೆಚ್ಚು ಮನೆಗಳಿವೆ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನಾರ್ಡ್ ಜೇಸನ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಈ ಮನೆಗಳಿಗೂ ಇನ್ನೊಂದನ್ನು ರೂಢಿಯ ಆರೈಕೆಗೂ ಬಿಟ್ಟು, ಎರಡು ವರ್ಷ ಹಿಂಬಾಲಿಸಿದರು. 2006 ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮನೆಗಳಿಗೆ ಹೋದವರಲ್ಲಿ ಶೇ. 31.3 ರಷ್ಟು ಜನ ಮತ್ತೆ ವ್ಯಸನದತ್ತ ಹೊರಳಿದ್ದರೆ, ಇನ್ನೊಂದು ಗುಂಪಿನಲ್ಲಿ ಶೇ. 64.8 ರಷ್ಟು ಜನ ಹೊರಳಿದ್ದರು. ತಿಂಗಳ ಸಂಪಾದನೆ ಒಂದು ಕಡೆ ಸುಮಾರು 989 ಡಾಲರ್, ಇನ್ನೊಂದು ಕಡೆ 440. ಇಷ್ಟು ವ್ಯತ್ಯಾಸ ತಂದದ್ದು ಹೊಸ ಔಷಧಿಯಲ್ಲ, ಬಾಡಿಗೆ ಮನೆ ಮತ್ತು ಅದರ ನಿಯಮ.

ಇದಕ್ಕೆ ಎದುರಾದ ದಾರಿಯೂ ಅಲ್ಲೇ ಹುಟ್ಟಿತು. 1992 ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು, ಬೀದಿಯಲ್ಲಿ ಮಲಗುವ ಮಾನಸಿಕ ಅಸ್ವಸ್ಥರಿಗೆ, ಕುಡಿತ ಬಿಟ್ಟ ಮೇಲೆ ಮನೆ ಎನ್ನದೆ, ಮೊದಲು ಮನೆ ಆಮೇಲೆ ಮಿಕ್ಕದ್ದು ಎಂಬ ಕ್ರಮವನ್ನು ಆರಂಭಿಸಿದರು. ಆಮೇಲೆ ಕೆನಡಾ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಪರೀಕ್ಷಿಸಿ ನೋಡಿತು. ಮನೆ ಸಿಕ್ಕವರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದರು, ಬೀದಿಗೆ ಮರಳಲಿಲ್ಲ. ಆದರೆ ಮನೆ ಸಿಕ್ಕಿದ ಮಾತ್ರಕ್ಕೆ ಕುಡಿತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಎರಡೂ ದಾರಿಗಳಲ್ಲಿ ಸತ್ಯವಿದೆ. ಕುಡಿದು ಬಂದ ರಾತ್ರಿಯ ಪ್ರಶ್ನೆಗೆ ಒಂದು ಮನೆ "ಹೊರಗೆ ಹೋಗು" ಎನ್ನುತ್ತದೆ, ಇನ್ನೊಂದು "ಒಳಗೆ ಬಾ" ಎನ್ನುತ್ತದೆ. ಜೊತೆಯಲ್ಲಿರುವ ಐವರು ಬಿಟ್ಟವರೇ ಆಗಿದ್ದಾಗ ಆರನೆಯವರು ಕುಡಿದು ಬಂದರೆ ಆ ಐವರನ್ನೂ ಕಾಪಾಡಬೇಕಲ್ಲ, ಅದಕ್ಕೆ ಮೊದಲ ಉತ್ತರ. ಹೊರಗೆ ಹೋದರೆ ಫುಟ್‌ಪಾತೇ ಗತಿ ಎನ್ನುವವರಿಗೆ ಎರಡನೆಯದು. ನಮ್ಮ ನಗರಗಳಲ್ಲಿ ಅಂಥವರಿಗೆ ಇರುವುದು ರಾತ್ರಿ ವಸತಿ ಕೇಂದ್ರಗಳು. ಲಕ್ಷ ಜನಸಂಖ್ಯೆಗೆ ಒಂದರಂತೆ ಇಂಥ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010 ರಲ್ಲೇ ಹೇಳಿದೆ. ಒಂದೆರಡು ವಾರದ ಮಟ್ಟಿಗೆ ಅದು ಆಗಬಹುದು, ಅದಕ್ಕಿಂತ ಹೆಚ್ಚಿಗೆ ಅಲ್ಲ.

ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಹೊರಗೆ ಕಳಿಸುವುದೇ ನಿಯಮವಾದರೂ ಬೀದಿಗೆ ಕಳಿಸಬಾರದು. ವಿಶೇಷವಾಗಿ ಹೆರಾಯಿನ್‌ನಂಥ ವಸ್ತುಗಳನ್ನು ಬಿಟ್ಟವರಿಗೆ ಕೆಲವು ವಾರಗಳಲ್ಲೇ ದೇಹದ ತಾಳಿಕೆ ಇಳಿದಿರುತ್ತದೆ. ಹಿಂದಿನ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆ ರಾತ್ರಿ ಅವರು ಒಬ್ಬರೇ ಇರುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಕೋಣೆ ಬಾಡಿಗೆಗೆ ಹಿಡಿಯುವವರಿಗೆ ಬೆಂಗಳೂರಿನಂಥ ಊರಿನಲ್ಲಿ ಮೊದಲ ಗೋಡೆ ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. 2021 ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳಬಾರದು ಎನ್ನುತ್ತದಾದರೂ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಕುಡಿತದಲ್ಲಿ ಭೋಗ್ಯದ ಹಣವನ್ನೂ ಕಳೆದುಕೊಂಡು ಬಂದವರು ಅಷ್ಟು ದುಡ್ಡನ್ನು ಎಲ್ಲಿಂದ ತರಬೇಕು? ಪೀಜಿಯಲ್ಲಿ ಅಡ್ವಾನ್ಸು ಕಡಿಮೆ, ಊಟದ ಚಿಂತೆಯಿಲ್ಲ, ಹಿಂದಿನದನ್ನು ಯಾರೂ ಕೆದಕುವುದಿಲ್ಲ. ಆದರೆ ಪಕ್ಕದ ಮಂಚಕ್ಕೆ ನಾಳೆ ಯಾರು ಬರುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳ ಕಷ್ಟವೇ ಬೇರೆ. ಅಲ್ಲಿ ಮನೆ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಮನೆಯೂ ಹೋಯಿತು. ಬಟವಾಡೆಯ ದಿನ ಇಡೀ ಸಾಲು ಒಟ್ಟಿಗೆ ಕುಡಿಯುವಾಗ ನಡುವಿನ ಒಂದು ಮನೆ ಹೊರತಾಗಿ ಉಳಿಯುವುದು ಸುಲಭವಲ್ಲ. ಆ ದಿನ ಮಾತ್ರ ಪೇಟೆಯ ನೆಂಟರ ಮನೆಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡ ಒಂದು ಕುಟುಂಬವನ್ನು ನಾನು ಬಲ್ಲೆ. ಬಟವಾಡೆಯ ಹಣವನ್ನು ಬಸ್ ನಿಲ್ದಾಣದಲ್ಲೇ ಹೆಂಡತಿಯ ಕೈಗೆ ಕೊಟ್ಟು ಅವರು ಬಸ್ಸು ಹತ್ತುತ್ತಾರೆ.

ಹೆಂಗಸರ ವಿಷಯವನ್ನು ಕೊನೆಗೆ ಉಳಿಸಿದ್ದು ಅದು ಚಿಕ್ಕದೆಂದು ಅಲ್ಲ. 2019 ರ ಅದೇ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಸಂಖ್ಯೆ ಕಡಿಮೆಯೆಂದು ಅವರಿಗೆಂದೇ ಇರುವ ಜಾಗಗಳು ತೀರ ಕಡಿಮೆ. ಜಾಗ ಇಲ್ಲವೆಂದು ಅವರು ಹೊರಗೆ ಬಂದು ಹೇಳಿಕೊಳ್ಳುವುದಿಲ್ಲ. ಕುಡಿತ ಬಿಟ್ಟ ಗಂಡಸಿಗೆ ಹಾರ ಹಾಕಿ ಮನೆ ತುಂಬಿಸಿಕೊಳ್ಳುವ ಊರು, ಕುಡಿತ ಬಿಟ್ಟ ಹೆಂಗಸನ್ನು ತವರಿಗೆ ಅಟ್ಟುತ್ತದೆ. ತವರಿನಲ್ಲಿ ಅಣ್ಣಂದಿರು ಬಾಗಿಲು ತೆಗೆಯದೆ ಇರುವುದನ್ನೂ ಕಂಡಿದ್ದೇನೆ. ಅಂಥವರು 181 ಮಹಿಳಾ ಸಹಾಯವಾಣಿಯನ್ನೂ ಮನಸ್ಸಿನ ಸಂಕಟಕ್ಕೆ 14416 ಟೆಲಿ ಮಾನಸ್ ಅನ್ನೂ ಸಂಪರ್ಕಿಸಬಹುದು. ಆದರೆ ಮಕ್ಕಳನ್ನು ಜೊತೆಗಿಟ್ಟುಕೊಂಡು ಇರಬಹುದಾದ ಒಂದು ಮನೆ ಅವರಿಗೆ ಬೇಕು. ಮಕ್ಕಳನ್ನು ಬಿಟ್ಟು ಬಾ ಎಂದರೆ ಯಾವ ತಾಯಿಯೂ ಚಿಕಿತ್ಸೆಗೆ ಬರುವುದಿಲ್ಲ.

ಆರಂಭದಲ್ಲಿ ಹೇಳಿದ ಗಾರೆ ಕೆಲಸದವರು ಎರಡನೇ ಬಾರಿ ವಾರ್ಡಿನಿಂದ ಹೊರಟಾಗ ಶೆಡ್ಡಿಗೆ ಹೋಗಲಿಲ್ಲ. ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಒಬ್ಬ ಆಟೋ ಚಾಲಕರ ಜೊತೆ ಸೇರಿ ಊರ ಹೊರಗೆ ಒಂದು ಕೋಣೆ ಹಿಡಿದರು. ಅಡ್ವಾನ್ಸಿನ ಅರ್ಧವನ್ನು ಕಂತ್ರಾಟುದಾರರು ಕೂಲಿಯಲ್ಲಿ ಮುರಿದುಕೊಳ್ಳುವ ಮಾತಿನ ಮೇಲೆ ಕೊಟ್ಟರು. ಒಂದು ತಿಂಗಳ ನಂತರ ನೋಡಲು ಹೋದೆ. ಸ್ಟವ್ ಇಟ್ಟ ಕಟ್ಟೆಯ ಮೇಲಿನ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ ಅಂಟಿಸಿದ್ದರು. ಅದರ ಮೇಲೆ ನೀಲಿ ಶಾಯಿಯಲ್ಲಿ ಹೀಗಿತ್ತು: ಕುಡಿದು ಬಂದವರು ಆ ರಾತ್ರಿ ಅಕ್ಕನ ಮನೆಯಲ್ಲಿ ಮಲಗುವುದು, ಇನ್ನೊಬ್ಬರು ಬಿಟ್ಟು ಬರುವುದು. ಕೀಲಿ ಇನ್ನೊಬ್ಬರ ಹತ್ತಿರ ಇರುವುದು. ಬೆಳಿಗ್ಗೆ ಆಸ್ಪತ್ರೆಗೆ ಇಬ್ಬರೂ ಹೋಗುವುದು. ಆ ಅಕ್ಕ ಆಟೋ ಚಾಲಕರ ಅಕ್ಕ, ಎರಡು ಬೀದಿ ಆಚೆ ಇದ್ದರು, ಒಪ್ಪಿಗೆ ಕೊಟ್ಟಿದ್ದರು. ಆರು ತಿಂಗಳ ಮೇಲೆ ಮತ್ತೆ ಹೋದಾಗ ಅದೇ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ನಾಲ್ಕನೆಯ ಸಾಲು ಸೇರಿತ್ತು. ನಡುವೆ ಏನಾಗಿತ್ತು ಎಂದು ನಾನು ಕೇಳಲಿಲ್ಲ. ಇಬ್ಬರೂ ಅಲ್ಲೇ ಇದ್ದರು, ಒಬ್ಬರು ಅನ್ನಕ್ಕೆ ಇಟ್ಟಿದ್ದರು, ಇನ್ನೊಬ್ಬರು ಈರುಳ್ಳಿ ಹೆಚ್ಚುತ್ತಿದ್ದರು. ಆ ಸಾಲು ಹೀಗಿತ್ತು: ಸಾಮಾನು ಮಾತ್ರ ಹೊರಗೆ ಹಾಕುವ ಹಾಗಿಲ್ಲ.